ಮೂರನೇ ತೊಟ್ಟಿಯ ವಿಕಾಸ

"ನಿಮ್ಮ ಕಪ್ಪೆ ನನ್ನ ಗಿರಣಿಗೆ ಬಂದು ರಾಗಿಹಿಟ್ಟಲ್ಲಿ ಕೂತಿದೆ. ಪುಟ್ಟಕ್ಕ ಚೀಲ ಬಿಚ್ಚಿದ ಕೂಡ್ಲೆ ಅವಳ ಮೂಗಿಗೆ ಹಾರಿದೆ. ಇನ್ನು ಈ ಊರಲ್ಲಿ ಯಾರಾದ್ರೂ ನನ್ನ ಹತ್ರ ಹಿಟ್ಟು ಬೀಸ್ಸಕ್ಕೆ ಬತ್ತಾರಾ? ಹೇಳಿ, ಬತ್ತಾರಾ?"

"ಅದು ನನ್ನ ಕಪ್ಪೆ ಅಲ್ಲ ವನಮಾಲಕ್ಕ. ನನ್ನ ಹತ್ರ ಕಪ್ಪೆಯೇ ಇಲ್ಲ. ಇರೋದೆಲ್ಲ ಗೊದಮೊಟ್ಟೆ."

"ಗೊದಮೊಟ್ಟೆ ದೊಡ್ಡದಾದ್ರೆ ಎಂತ ಆಗತ್ತೆ? ಎಮ್ಮೆ ಆಗತ್ತಾ?"

"ಕಪ್ಪೆನೇ ಆಗತ್ತೆ. ಆದ್ರೆ ಅವಕ್ಕೆ ಇನ್ನೂ ಕಾಲೇ ಬಂದಿಲ್ಲ. ಬರಕ್ಕೆ ಇನ್ನೂ ಒಂದು ತಿಂಗಳು ಬೇಕು. ಕಾಲಿಲ್ಲದ್ದು ಹಾರಲ್ಲ. ಇದು ವಿಜ್ಞಾನ."

"ಹಂಗಾದ್ರೆ ಪುಟ್ಟಕ್ಕನ ಮೂಗಿನ ಮೇಲೆ ಕೂತಿದ್ದು ಎಂತ, ಅಜ್ಞಾನವಾ?"

ನಿತೀಶನಿಗೆ ಸಿಟ್ಟು ಬಂತು. ಬರಲಿ ಎಂದೇ ನಾನು ಹೇಳಿದ್ದು. "ನನ್ನ ಮೇಲೆ ಕೂಗಬೇಡಿ, ಬನ್ನಿ, ಕಣ್ಣಾರೆ ನೋಡಿ" ಎಂದು ಚಪ್ಪಲಿಯನ್ನೂ ಹಾಕದೆ ಶೆಡ್ಡಿನ ಕಡೆ ನಡೆದ. ನಾನು ಹಿಟ್ಟಿನ ಕೈಯಲ್ಲೇ ಹಿಂದೆ ಹೋದೆ.

ನರಸಿಂಹರಾಜಪುರದ ಪೇಟೆ ಮುಗಿದು ರಸ್ತೆ ಹಿನ್ನೀರಿನ ಕಡೆ ಇಳಿಯುವಲ್ಲಿ ನಮ್ಮ ಗಿರಣಿ. ಹಿಂದೆ ಒಂದು ಶೆಡ್ಡು, ಅದರಲ್ಲಿ ನಾಲ್ಕು ಸಿಮೆಂಟ್ ತೊಟ್ಟಿ. ನನ್ನ ಗಂಡ ಶುಂಠಿ ವ್ಯಾಪಾರಕ್ಕೆ ಇಳಿದಾಗ ಶುಂಠಿ ತೊಳೆಯಲಿಕ್ಕೆ ಕಟ್ಟಿಸಿದ್ದು. ಅವರಿಗೆ ವ್ಯಾಪಾರ ಬರುವುದಿಲ್ಲ ಎಂದು ಶುಂಠಿಗೆ ಬೇಗ ತಿಳಿಯಿತು, ಅವರಿಗೆ ಸ್ವಲ್ಪ ತಡವಾಗಿ. ತೊಟ್ಟಿಗಳು ಖಾಲಿ ಬಿದ್ದಿದ್ದವು. ಎರಡು ಸಾವಿರದ ಆರನೇ ಇಸವಿಯ ಮಳೆಗಾಲಕ್ಕೆ ಮುಂಚೆ ಈ ನಿತೀಶ್ ಬಂದು ಬಾಡಿಗೆಗೆ ಕೇಳಿದ. ಹರಿಹರಪುರದ ಹುಡುಗ, ಕರಾವಳಿಯ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾನೆ, ಡಾಕ್ಟರಾಗುತ್ತಾನೆ ಎಂದು ತಿಳಿದು ನಾನು ಒಪ್ಪಿದೆ. ನನ್ನ ಗಂಡನ ಅಕ್ಕ ಸಣ್ಣಕ್ಕ ಖುಷಿಯಿಂದ ಕುತ್ತಿಗೆ ಎತ್ತಿ ತನ್ನ ಗಂಟು ತೋರಿಸಿದಾಗ ಅವನು ಎರಡು ಹೆಜ್ಜೆ ಹಿಂದೆ ಸರಿದ. ಔಷಧಿ ಕೊಡದ ಡಾಕ್ಟರೂ ಇರುತ್ತಾರೆ ಎಂದು ನಮಗೆ ಆಮೇಲೆ ಗೊತ್ತಾಯಿತು.

ವಾರದಲ್ಲಿ ಮೂರು ನಾಲ್ಕು ದಿನ ಅವನು ಶೃಂಗೇರಿ ಬಸ್ಸು ಹತ್ತಿ, ಅಲ್ಲಿಂದ ಕೆರೆಕಟ್ಟೆಗೆ ಹೋಗಿ, ಹಳ್ಳದಲ್ಲಿ ಬಗ್ಗಿ ಗೊದಮೊಟ್ಟೆ ಹಿಡಿಯುತ್ತಿದ್ದ. ಕೆರೆಕಟ್ಟೆಯ ಜಿಗಣೆಗಳಿಗೆಲ್ಲ ಅವನ ರಕ್ತದ ರುಚಿ ಗೊತ್ತಿತ್ತು. ಇಷ್ಟು ವರ್ಷ ಓದಿಯೂ ಅವನ ಪ್ರಬಂಧದಲ್ಲಿ ಹೊಸದು ಅನ್ನುವಂಥದ್ದು ಒಂದೂ ಇರಲಿಲ್ಲ. ಸರ್ಕಾರ ಕೊಡುವ ಫೆಲೋಶಿಪ್ ಮುಂದಿನ ಮಾರ್ಚಿಗೆ ಮುಗಿಯುತ್ತದೆ, ಈ ಮಳೆಗಾಲದಲ್ಲಿ ಏನಾದರೂ ಸಿಕ್ಕಿದರೆ ಡಾಕ್ಟರ್, ಸಿಗದಿದ್ದರೆ ಅಪ್ಪನ ಜೆರಾಕ್ಸ್ ಅಂಗಡಿ. ಇದನ್ನು ಅವನು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ. ಕೇಳಿ ಕೇಳಿ ನನಗೂ ಅನ್ನ ಸೇರುತ್ತಿರಲಿಲ್ಲ.

ಶೆಡ್ಡಿನಲ್ಲಿ ಮೊದಲನೇ ತೊಟ್ಟಿಯ ಬಲೆ ಎತ್ತಿದ. ಕಾಳುಮೆಣಸಿಗೆ ಬಾಲ ಬಂದ ಹಾಗೆ ಗೊದಮೊಟ್ಟೆಗಳು. ಎರಡನೆಯದೂ ಹಾಗೇ. "ನೋಡಿದ್ರಾ?" ಎಂದು ಕೇಸು ಗೆದ್ದ ವಕೀಲನ ಹಾಗೆ ನನ್ನ ಮುಖ ನೋಡಿ ಮೂರನೆಯದರ ಬಲೆ ಎತ್ತಿದ.

ತೊಟ್ಟಿಯ ಗೋಡೆಯ ತುಂಬ ಉಗುರಿನಷ್ಟು ಕಪ್ಪೆಗಳು ಅಂಟಿಕೊಂಡಿದ್ದವು. ಕೆಲವಕ್ಕೆ ಅರ್ಧ ಬಾಲ ಉಳಿದಿತ್ತು, ಕೆಲವಕ್ಕೆ ಬಾಲದ ಗುರುತೂ ಇರಲಿಲ್ಲ. ಬಲೆಯ ಒಂದು ಮೂಲೆ ಹರಿದು, ಅಲ್ಲಿಂದ ಒಂದು ಕಪ್ಪೆ ನಮ್ಮ ಎದುರಿಗೇ ಗಿರಣಿಯ ಕಡೆ ಹೊರಟಿತ್ತು.

ತಪ್ಪಾಯಿತು ಅನ್ನುತ್ತಾನೆ ಅಂದುಕೊಂಡೆ. ಅವನು ಕುಣಿದ.

"ವನಮಾಲಕ್ಕ! ನಾಲ್ಕೂ ತೊಟ್ಟಿಗೆ ಒಂದೇ ಬಾವಿ ನೀರು. ಒಂದೇ ಆಹಾರ. ಮೂರನೇ ತೊಟ್ಟಿದು ಮಾತ್ರ ಬೇರೆ ಹಳ್ಳದ್ದು. ಅದೊಂದೇ ಬೇಗ ಕಪ್ಪೆ ಆಗಿದೆ. ಎಂತಕ್ಕೆ ಹೇಳಿ?"

"ನನ್ನ ವ್ಯಾಪಾರ ಹಾಳು ಮಾಡಕ್ಕೆ."

"ವಿಕಾಸ! ವಿಕಾಸ ವನಮಾಲಕ್ಕ!"

ಆ ದಿನ ಸಂಜೆ ನಮ್ಮ ಅಡಿಗೆಮನೆಯಲ್ಲಿ ಕೂತು ಅವನು ಸೃಷ್ಟಿಯ ಪೂರ್ತಿ ಕತೆ ಹೇಳಿದ. ನಾನು ಹರಿಹರಪುರದ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು, ಹಾಗಾಗಿ ನನಗೆ ಬಸ್ಸಿನ ಲೆಕ್ಕದಲ್ಲಿ ಹೇಳಿದ. ಗಂಟಲಿನಲ್ಲಿ ಥೈರಾಯ್ಡ್ ಅಂತ ಒಂದು ಗ್ರಂಥಿ, ಅದರಿಂದ ಒಂದು ರಸ. ಗೊದಮೊಟ್ಟೆಗೆ ಬಾಲ ಕರಗಿಸಿ ಕಾಲು ಬರಿಸುವುದು ಆ ರಸವೇ. ರಸ ತಾನಾಗಿ ರಕ್ತದಲ್ಲಿ ದೂರ ಹೋಗುವುದಿಲ್ಲ. ಬಿಟ್ಟರೆ ಮೊದಲು ಸಿಕ್ಕಿದ ಸ್ಟಾಪಿನಲ್ಲೇ ಇಳಿದು ಕೂತುಬಿಡುತ್ತದೆ. ಅದನ್ನು ಹೊತ್ತು ಮೈತುಂಬ ಸಮನಾಗಿ ಇಳಿಸುತ್ತಾ ಹೋಗಲಿಕ್ಕೆ ಪ್ರೋಟೀನುಗಳು ಬೇಕು.

"ಬಸ್ಸು ಅಂತ ತಿಳ್ಕಳಿ. ಮೀನಿಗೆ ಬಹುಮಟ್ಟಿಗೆ ಒಂದೇ ಹಳೇ ಬಸ್ಸು, ಆಲ್ಬುಮಿನ್. ಎಲ್ಲಾ ಸಾಮಾನೂ ಹಾಕ್ಕೊಂಡು ಹೋಗತ್ತೆ, ರಸನೂ ಅದರಲ್ಲೇ. ಕಪ್ಪೆಗೆ ಇನ್ನೊಂದು ಬಸ್ಸಿದೆ, ಟ್ರಾನ್ಸ್‌ಥೈರೆಟಿನ್. ಅದು ಲಿವರಿಂದ ಹೊರಡೋದು ಬಾಲ ಕರಗೋ ಹೊತ್ತಲ್ಲಿ ಮಾತ್ರ."

"ಜಾತ್ರೆ ಸ್ಪೆಷಲ್ಲಾ?"

"ಹಾಂ! ಅದೇ! ಹಲ್ಲಿ, ಓತಿಕ್ಯಾತಕ್ಕೆ ಬಂದಾಗ ಆ ಬಸ್ಸು ಮಿದುಳಲ್ಲಿ ಓಡಕ್ಕೆ ಶುರು ಮಾಡ್ತು. ಕೋಳಿಗೆ, ನಮಗೆ ಬಂದಾಗ ಲಿವರಲ್ಲೂ ಖಾಯಂ ಆತು. ನಮಗೆ ಅದರ ಜೊತೆಗೆ ಇನ್ನೊಂದು ದೊಡ್ಡ ಬಸ್ಸೂ ಇದೆ. ಒಟ್ಟು ಮೂರು."

"ಈ ಸ್ಪೆಷಲ್ ಬಸ್ಸು ಎಲ್ಲಿಂದ ಬಂತು?"

"ಅದೇ ಚಂದ ಇರೋದು. ಅದರ ಪೂರ್ವಿಕ ರಸ ಹೊರ್ತಾನೇ ಇರ್ಲಿಲ್ಲ. ಮೈಯೊಳಗಿನ ಕಸ ಒಡಿಯೋ ಕೆಲಸ ಮಾಡ್ತಿತ್ತು. ಯಾವಾಗಲೋ ಅದರ ಜೀನು ಎರಡಾತು. ಅಣ್ಣ ಕಸದ ಕೆಲಸದಲ್ಲೇ ಉಳ್ಕಂಡ, ತಮ್ಮ ಹೊಸ ಕಸುಬು ಹಿಡಿದ."

"ನಮ್ಮನೆಯವರ ಹಾಗೆ. ಅಪ್ಪ ಕಟ್ಟಿದ ಗಿರಣಿ ಬಿಟ್ಟು ಶುಂಠಿಗೆ ಹೋದ್ರು."

ಒಳಗಿನಿಂದ ನನ್ನ ಗಂಡ ಕೆಮ್ಮಿದರು. ನಿತೀಶ್ ನಿಲ್ಲಿಸಲಿಲ್ಲ. ಈ ಬದಲಾವಣೆ ಆಗಲಿಕ್ಕೆ ಐವತ್ತು ಕೋಟಿ ವರ್ಷವೋ ಏನೋ ಹಿಡಿದಿರಬೇಕಂತೆ. ನಮ್ಮ ಬೀದಿಗೆ ಟಾರು ಬರುವುದಕ್ಕಿಂತ ಬೇಗ ಆಗಿದೆ ಎಂದು ನಾನು ಹೇಳಿದೆ. ಅವನ ಪ್ರಕಾರ, ಮೂರನೇ ತೊಟ್ಟಿಯ ಗೊದಮೊಟ್ಟೆಗಳಲ್ಲಿ ಆ ಸ್ಪೆಷಲ್ ಬಸ್ಸು ಬೇಗ ಹೊರಟಿದೆ. ಕಪ್ಪೆಯಿಂದ ಮುಂದಿನ ಪ್ರಾಣಿಗಳಿಗೆ ದಾಟುವಾಗ ನಡುವೆ ಇದ್ದಿರಬಹುದಾದ ಒಂದು ಮೆಟ್ಟಿಲು ಕೆರೆಕಟ್ಟೆಯ ಹಳ್ಳದಲ್ಲಿ ಇನ್ನೂ ಬದುಕಿದೆ. ಹೀಗೆಂದು ಅವನು ತನ್ನ ಗೈಡ್ ಪ್ರೊಫೆಸರ್ ಸುಬ್ಬಯ್ಯನವರಿಗೆ ನಮ್ಮ ಫೋನಿನಿಂದಲೇ ಹೇಳಿದ. ಅಷ್ಟು ದಿನ ಅವನ ಕರೆ ಎತ್ತದಿದ್ದ ಗೈಡು ಆ ದಿನ ಎರಡು ಸಲ ತಾವಾಗಿ ವಾಪಸ್ ಮಾಡಿದರು. ಹುಡುಗ ಆ ದಿನ ಹೊಟ್ಟೆತುಂಬ ಉಂಡ. ನನಗೆ ಸಿಟ್ಟು ಹಾಗೇ ಇತ್ತು, ಆದರೂ ಇನ್ನೊಂದು ಸೌಟು ಸಾರು ಬಡಿಸಿದೆ.

ನಮ್ಮ ಮನೆಯ ಇನ್ನೊಂದು ಥೈರಾಯ್ಡ್ ಕತೆಗೆ ಇಷ್ಟು ಮರ್ಯಾದೆ ಇರಲಿಲ್ಲ. ಸಣ್ಣಕ್ಕನ ಕುತ್ತಿಗೆಯ ಗಂಟು ಅಮಟೆಕಾಯಿಯಷ್ಟು ಆಗಿತ್ತು. ಸದಾ ಚಳಿ, ಸದಾ ನಿದ್ದೆ. ಮುಖ ಊದಿ, ಧ್ವನಿ ಗಂಡಸರ ಹಾಗೆ ದಪ್ಪ. ಕೊಪ್ಪದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಮಾತ್ರೆ ಅಂದಿದ್ದರು. ಗುಣ ಕಾಣದ್ದಕ್ಕೆ ಮತ್ತೆ ಹೋದಾಗ ದೊಡ್ಡ ಮಾತ್ರೆ ಕೊಟ್ಟರು. ಆಗಲೂ ಕಾಣಲಿಲ್ಲ, ಇನ್ನೂ ದೊಡ್ಡದು ಕೊಟ್ಟರು. "ಮಾತ್ರೆ ತಗಂಡ್ಯಾ?" ಎಂದು ನಾನು ದಿನಾ ಕೇಳುತ್ತಿದ್ದೆ. "ಆತು" ಅನ್ನುತ್ತಿದ್ದಳು. ಆತು ಅಂದರೆ ನುಂಗಿದೆ ಎಂದು ಅರ್ಥ ಮಾಡಿಕೊಂಡಿದ್ದು ನಾನು.

ಗೈಡು ಬರುತ್ತೇನೆಂದು ತಿಳಿಸಿದ ಮಾರನೇ ಬೆಳಿಗ್ಗೆ ನಾನು ಬಚ್ಚಲ ಒಲೆಗೆ ಸೌದೆ ತರಲು ಶೆಡ್ಡಿಗೆ ಹೋದೆ. ಸಣ್ಣಕ್ಕ ಸ್ನಾನ ಮಾಡಿ, ಒದ್ದೆ ಕೂದಲಲ್ಲಿ ಮೂರನೇ ತೊಟ್ಟಿಯ ಹತ್ತಿರ ಪೂರ್ವಕ್ಕೆ ಮುಖ ಮಾಡಿ ನಿಂತಿದ್ದಳು. ಕೈಮುಗಿದಳು. ಪ್ಲಾಸ್ಟಿಕ್ ಹಾಳೆಯಿಂದ ಮಾತ್ರೆ ಒತ್ತಿ ತೆಗೆದು, ಕುತ್ತಿಗೆಯ ಗಂಟಿಗೆ ಮೂರು ಸಲ ಮುಟ್ಟಿಸಿ, ಬಲೆಯ ಸಂದಿನಿಂದ ನೀರಿಗೆ ಬಿಟ್ಟಳು.

ಕೈಯಲ್ಲಿದ್ದ ಸೌದೆ ಕೆಳಗೆ ಬಿತ್ತು. "ಎಂತ ಮಾಡ್ತಿದ್ದೀಯೇ?"

ಅವಳು ಗಾಬರಿಯಾಗಲಿಲ್ಲ. "ಕರಗಿಸ್ತಿದ್ದೆ."

"ಎಂತ ಕರಗಿಸ್ತಿದ್ದೆ?"

"ಗಂಟು. ನಮ್ಮೂರ ದೇವಸ್ಥಾನದ ಕೆರೆಗೆ ಉಪ್ಪು ಹಾಕಿ ನನ್ನ ಕೈಮೇಲಿನ ನರುಳ್ಳಿ ಗುಳ್ಳೆ ಹೋಗಿರ್ಲಿಲ್ವಾ? ನೀರಲ್ಲಿ ಉಪ್ಪು ಕರಗಿದ ಹಾಗೆ ಮೈಯಲ್ಲಿ ನರುಳ್ಳಿ ಕರಗ್ತು. ಬರೀ ಉಪ್ಪಿಗೇ ಅಷ್ಟು ಶಕ್ತಿ ಇದ್ರೆ ಡಾಕ್ಟ್ರ ಮಾತ್ರೆಗೆ ಎಷ್ಟಿರ್ಬೇಡ?"

"ಅದನ್ನ ನುಂಗಕ್ಕೆ ಕೊಟ್ಟಿದ್ದು ಕಣೇ!"

"ಖಾಲಿ ಹೊಟ್ಟೆ ಅಂದ್ರು. ಅದಕ್ಕೇ ಕಾಫಿನೂ ಕುಡಿಯದೆ ಬಂದು ಹಾಕ್ತೆ. ಹರಕೆಗೆ ಕ್ರಮ ಇರತ್ತೆ."

"ಅಷ್ಟು ದೊಡ್ಡ ಹಿನ್ನೀರು ಇತ್ತಲ್ಲ, ಈ ತೊಟ್ಟಿಗೇ ಯಾಕೆ ಹಾಕ್ದೆ?"

"ನೀರಲ್ಲಿ ಜೀವ ಇರ್ಬೇಕು. ಇದು ಬಚ್ಚಲಿಗೆ ಹತ್ರ. ನನಗೆ ನಡಿಯಕ್ಕೆ ಆಗತ್ತಾ, ಮಾರಾಯ್ತಿ?" ಎಂದು ತೊಟ್ಟಿಗೆ ಬಗ್ಗಿ ನೋಡಿ, ಮುಖವೆಲ್ಲ ನಗು ಮಾಡಿಕೊಂಡು ಹೇಳಿದಳು: "ಬರೀ ಸುಳ್ಳು ಅನ್ನಬೇಡ. ನೋಡು, ಇವುಗಳ ಬಾಲ ಹೆಂಗೆ ಕರಗಿದೆ!"

ಅವಳನ್ನು ಬೈಯಲು ಬಾಯಿ ತೆರೆದ ನಾನು ಅಲ್ಲಿಗೇ ನಿಂತೆ. ಬಾಲ ಕರಗಿಸುವ ರಸದ ಬಗ್ಗೆ ನನಗೆ ಮೊನ್ನೆಯಷ್ಟೇ ಅಡಿಗೆಮನೆಯಲ್ಲಿ ಪಾಠ ಆಗಿತ್ತು. ಐವತ್ತು ಕೋಟಿ ವರ್ಷದ ವಿಕಾಸವನ್ನು ನಮ್ಮ ಸಣ್ಣಕ್ಕ ಬಚ್ಚಲಿನಿಂದ ಹೊರಬಂದು ದಿನಾ ಬೆಳಿಗ್ಗೆ ಮಾಡುತ್ತಿದ್ದಳು.

ನಿತೀಶನನ್ನು ಎಬ್ಬಿಸಿ ಹೇಳಿದೆ. ಒಳ್ಳೆಯ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ. "ನಿಮ್ಮ ವಿಕಾಸಕ್ಕೆ ಸಣ್ಣಕ್ಕ ಮಾತ್ರೆ ಹಾಕಿದ್ದಾಳೆ" ಅಂದೆ. ಅವನು ಮಾತ್ರೆಯ ಹಾಳೆಯನ್ನು ಕಸಿದುಕೊಂಡು ಹಿಂದೆ ಬರೆದಿದ್ದನ್ನು ಓದಿದ: ಥೈರಾಕ್ಸಿನ್, ಅವನು ಹೇಳಿದ್ದ ಅದೇ ರಸ. ಮತ್ತೆ ಓದಿದ. ಹಾಸಿಗೆಯ ಮೇಲೆ ಕೂತ.

"ಯಾರಿಗಾದ್ರೂ ಹೇಳಿದ್ರಾ?"

"ಇನ್ನೂ ಇಲ್ಲ."

"ಹೇಳಬೇಡಿ. ಅಕ್ಕಾ, ನಿಮ್ಮ ಕಾಲು ಹಿಡಿತೀನಿ. ಸರ್ ಎಲ್ಲಾ ಕಡೆ ಹೇಳಿ ಆಗಿದೆ. ಇದೊಂದು ಹೋದ್ರೆ ನನ್ನ ಹತ್ರ ಇನ್ನೆಂತದೂ ಇಲ್ಲ."

"ನಾನು ಯಾರಿಗೆ ಹೇಳಲಿ? ಪುಟ್ಟಕ್ಕಂಗೆ ಹೇಳಲಾ? ನಿಮ್ಮ ಕಪ್ಪೆ, ನಿಮ್ಮ ಪರೀಕ್ಷೆ. ಕಳ್ಳ ಡಾಕ್ಟರ್ ಆದ್ರೂ ನನ್ನ ಬಾಡಿಗೆ ಒಂದೇ."

ಅವನು ಅಳುತ್ತಾನೆ ಅನ್ನಿಸಿತು. ಅಳಲಿಲ್ಲ. ಎದ್ದು ಹಾಳೆಯಿಂದ ಒಂದು ಮಾತ್ರೆ ತೆಗೆದು, ಹೋಗಿ ಒಂದನೇ ತೊಟ್ಟಿಗೆ ಹಾಕಿದ. "ಇವಕ್ಕೂ ಕಾಲು ಬಂದ್ರೆ ಮಾತ್ರೆದೇ ಕೆಲಸ. ಬರದಿದ್ರೆ ಮೂರನೇ ತೊಟ್ಟಿದು ನಿಜ" ಅಂದ. ದೇವರಲ್ಲಿ ಹೂವು ಕೇಳುವವರು ಹೀಗೇ ನಿಂತಿರುತ್ತಾರೆ. ಅದಾದ ಮೇಲೆ ದಿನಾ ಒಂದೊಂದು ಹಾಕಿದ. ಗೈಡು ಬರುವ ದಿನ ಎರಡು ಸಲ ಮುಂದಕ್ಕೆ ಹೋಯಿತು.

ಅಷ್ಟರಲ್ಲಿ ಸಣ್ಣಕ್ಕನಿಗೆ ಮಾತ್ರೆ ನುಂಗಿಸುವುದು ಇನ್ನೂ ಕಷ್ಟವಾಯಿತು. "ಬಾಲ ಕರಗಿಸೋದನ್ನ ಕಣ್ಣಾರೆ ಕಂಡಿದ್ದೆ. ನಾನು ನುಂಗಿದ್ರೆ ಒಳಗೆ ಎಂತೆಂತ ಕರಗತ್ತೋ!" ಎಂದು ಹಟ ಹಿಡಿದು ಕೂತಳು. ನಾನು ಕೂಗಿದೆ, ಅವಳ ತಮ್ಮ ಕೆಮ್ಮಿದರು, ಯಾವುದೂ ನಾಟಲಿಲ್ಲ. ಕೊನೆಗೆ ನಿತೀಶ್ ಅವಳ ಎದುರು ಕೂತ.

"ಸಣ್ಣಕ್ಕ, ತೊಟ್ಟಿಯಿಂದ ನಿಮ್ಮ ಕುತ್ತಿಗೆಗೆ ಬಸ್ಸಿಲ್ಲ."

"ಎಂತ ಬಸ್ಸು ಮಾಣಿ?"

"ನಿಮ್ಮ ರಕ್ತದಲ್ಲಿ ಮೂರು ಬಸ್ಸು ಓಡ್ತಿದೆ, ಮೂರೂ ಖಾಲಿ. ಮಾತ್ರೆನ ಹೊಟ್ಟೇಲಿ ಹತ್ತಿಸಬೇಕು. ಆಮೇಲೆ ಎಲ್ಲೆಲ್ಲಿ ಎಷ್ಟು ಇಳಿಸ್ಬೇಕೋ ಅವೇ ಇಳಿಸ್ತವೆ. ಜಾಸ್ತಿ ಕರಗಿಸಕ್ಕೆ ಬಿಡಲ್ಲ. ಗೊದಮೊಟ್ಟೆಗೆ ಬಾಲ ಇತ್ತು, ಹೋತು. ನಿಮಗೆ ಬಾಲ ಇದೆಯಾ?"

"ನಂಗೆಲ್ಲಿದೆ? ಇದ್ರೆ ವನಮಾಲಂಗೆ ಇರ್ಬೇಕು" ಎಂದು ಸಣ್ಣಕ್ಕ ಮಾತ್ರೆ ಬಾಯಿಗೆ ಹಾಕಿಕೊಂಡಳು. ನಾಲಿಗೆ ಎತ್ತಿಸಿ, ಕೆಳಗೂ ನೋಡಿ, ನುಂಗಿದ್ದು ಖಾತ್ರಿಯಾದ ಮೇಲೇ ನಾನು ಎದ್ದಿದ್ದು. ಇಷ್ಟು ವರ್ಷ ಓದಿದ್ದರಿಂದ ಒಬ್ಬಳಿಗೆ ಒಂದು ಮಾತ್ರೆ ಇಳಿಯಿತು. ನಿತೀಶನಿಗೆ ಅದು ಲೆಕ್ಕಕ್ಕೇ ಇರಲಿಲ್ಲ. ಅವನು ಆಗಲೇ ಶೆಡ್ಡಿಗೆ ಓಡಿದ್ದ.

ಒಂದನೇ ತೊಟ್ಟಿಯಲ್ಲಿ ಕಾಲು ಬಂದಿತ್ತು.

ಪ್ರೊಫೆಸರ್ ಸುಬ್ಬಯ್ಯ ಬಾಡಿಗೆ ಜೀಪಿನಲ್ಲಿ ಬಂದರು. ಬಿಳಿ ಪ್ಯಾಂಟು, ಕುತ್ತಿಗೆಗೆ ಕ್ಯಾಮರಾ. ಇಳಿಯುವಾಗಲೇ ಶೃಂಗೇರಿಯಲ್ಲಿ ದರ್ಶನ ಚೆನ್ನಾಗಾಯಿತು ಎಂದು ಹೇಳಿ, ನಾನು ಮಾಡಿದ ಕಡುಬು ತಿಂದು, ಇಂಥ ಕಡುಬು ಮೂರು ದೇಶದಲ್ಲಿ ತಿಂದಿಲ್ಲ ಎಂದರು. ಬೇರೆ ದೇಶದಲ್ಲಿ ಕಡುಬು ಮಾಡುತ್ತಾರೆಂದು ನನಗೆ ಗೊತ್ತಿರಲಿಲ್ಲ. ಸಣ್ಣಕ್ಕ ಆಸೆಯಿಂದ ಇವರಿಗೂ ಗಂಟು ತೋರಿಸಿದಳು. "ನಾನು ಆ ಡಾಕ್ಟರ್ ಅಲ್ಲಮ್ಮಾ" ಎಂದು ಅವರು ಕಡುಬಿನ ಕಡೆ ತಿರುಗಿದರು.

ಶೆಡ್ಡಿನಲ್ಲಿ ಮೂರನೇ ತೊಟ್ಟಿಯ ಫೋಟೊ ತೆಗೆದು, ಒಂದನೇ ತೊಟ್ಟಿಗೆ ಬಂದಾಗ ಅವರ ಕನ್ನಡಕ ಮೂಗಿನ ತುದಿಗೆ ಜಾರಿತು.

"ಇದರಲ್ಲೂ! ನಿತೀಶ್, ಇದು ಇನ್ನೊಂದು ಹಳ್ಳದ್ದಲ್ಲವಾ? ಡಬಲ್ ಕನ್ಫರ್ಮೇಷನ್! ಫೋನಲ್ಲಿ ಯಾಕೆ ಹೇಳಲಿಲ್ಲ?"

"ಸರ್, ಅದಕ್ಕೆ ನಾನು ಥೈರಾಕ್ಸಿನ್ ಹಾಕಿದ್ದೆ."

"ಏನು?"

"ಪರೀಕ್ಷೆ ಮಾಡಕ್ಕೆ. ಮೂರನೇ ತೊಟ್ಟಿಗೂ ಬಿದ್ದಿತ್ತು ಸರ್. ಈ ಮನೆಯವರು ಗೊತ್ತಿಲ್ಲದೆ ದಿನಾ ಹಾಕ್ತಿದ್ರು. ಬೇರೆ ಹಳ್ಳಕ್ಕೂ ಇದಕ್ಕೂ ಸಂಬಂಧ ಇಲ್ಲ. ವಿಕಾಸ ಗಿಕಾಸ ಎಂತದೂ ಇಲ್ಲ."

ಇಷ್ಟು ದಿನ ನನ್ನ ಬಾಯಿ ಮುಚ್ಚಿಸಿದ್ದ ಹುಡುಗ ತಾನೇ ಹೇಳಿಬಿಟ್ಟ. ಒಂದು ಕ್ಷಣ ನನಗೆ ಅವನ ಬೆನ್ನು ತಟ್ಟಬೇಕು ಅನ್ನಿಸಿತು. ಪ್ರೊಫೆಸರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ನಿಧಾನಕ್ಕೆ ಒರೆಸಿದರು.

"ನನಗೆ ಕೇಳಿಸಲಿಲ್ಲ" ಅಂದರು.

"ಸರ್, ಥೈರಾಕ್ಸಿನ್..."

"ಕೇಳಿಸಲಿಲ್ಲ ಅಂದೆ. ನಮ್ಮ ಸಾರಾಂಶ ಒಪ್ಪಿಗೆ ಆಗಿದೆ. ನವೆಂಬರಿನಲ್ಲಿ ವಿದೇಶದ ವಿಜ್ಞಾನಿಗಳ ಸಭೆಯಲ್ಲಿ ನಾನು ಅದನ್ನು ಓದಬೇಕು. ಮೊದಲ ಹೆಸರು ನನ್ನದು, ಎರಡನೆಯದು ನಿನ್ನದು. ಹಳ್ಳ ಬೇರೆ, ವೇಗ ಬೇರೆ, ಅಷ್ಟು ಸಾಕು. ಯಾರ ಮನೆಯ ಮಾತ್ರೆ ಎಲ್ಲಿ ಬಿತ್ತು ಅಂತ ಯಾವ ವಿಜ್ಞಾನಿಯೂ ಬಚ್ಚಲಿಗೆ ಬಂದು ನೋಡುವುದಿಲ್ಲ."

"ನಾನು ನೋಡಿದೀನಿ" ಅಂದೆ ನಾನು.

"ಅಮ್ಮಾ, ಇದು ದೊಡ್ಡ ವಿಷಯ. ನೀವು ನಡುವೆ ಬರಬೇಡಿ."

"ದೊಡ್ಡ ವಿಷಯ ನನ್ನ ತೊಟ್ಟೀಲಿ ಕೂತಿದೆ ಸ್ವಾಮಿ. ನಡುವೆ ಬಂದಿರೋದು ನೀವು."

ಅವರು ನನ್ನ ಕಡೆ ನೋಡಲೂ ಇಲ್ಲ. ನಿತೀಶನ ಹೆಗಲ ಮೇಲೆ ಕೈಯಿಟ್ಟು, ಮಗುವಿಗೆ ಊಟ ಮಾಡಿಸುವ ಧ್ವನಿಯಲ್ಲಿ ಹೇಳಿದರು: "ಮಾರ್ಚಿಗೆ ನಿನ್ನ ಫೆಲೋಶಿಪ್ ಮುಗಿಯುತ್ತೆ. ನನ್ನ ಸಹಿ ಇಲ್ಲದೆ ಪ್ರಬಂಧ ಒಳಗೆ ಹೋಗಲ್ಲ. ಮೂರನೇ ತೊಟ್ಟಿಯ ಅಧ್ಯಾಯ ಬರಿ. ಒಂದನೇ ತೊಟ್ಟಿಯನ್ನೂ ಸೇರಿಸು. ಮುಂದಿನ ವರ್ಷ ಇದೇ ಹೊತ್ತಿಗೆ ಡಾಕ್ಟರ್ ನಿತೀಶ್. ನಾನು ಬೇರೇನು ಕೇಳಿದೆ?"

ನಿತೀಶ್ ತೊಟ್ಟಿಯನ್ನೇ ನೋಡುತ್ತಾ ನಿಂತ. ಅವನು ಹೂಂ ಅನ್ನುತ್ತಾನೆ ಎಂದು ನಾನು ಬರೆದುಕೊಡಬಲ್ಲೆ ಅನ್ನಿಸಿತ್ತು. ಹೂಂ ಅಂದಿದ್ದರೆ ನಾನು ಬೈಯುತ್ತಿದ್ದೆ, ಆಮೇಲೆ ಅನ್ನವನ್ನೂ ಹಾಕುತ್ತಿದ್ದೆ. ಐದು ವರ್ಷ ಜಿಗಣೆಗೆ ರಕ್ತ ಕೊಟ್ಟವನು ಒಂದು ಸುಳ್ಳು ಬರೆದರೆ ಭೂಮಿ ಬಾಯಿ ಬಿಡುತ್ತಿರಲಿಲ್ಲ.

"ಸರ್, ಬೇಗ ಕಾಲು ಬಂದಿದ್ದಕ್ಕೆ ಇವುಗಳಲ್ಲಿ ಅರ್ಧ ಸತ್ತಿವೆ. ಅದನ್ನೂ ಬರೀಲಾ?"

"ಅದು ಬೇಡ."

"ಮಾತ್ರೆ ಬೇಡ, ಸತ್ತಿದ್ದು ಬೇಡ. ಬರಿಯಕ್ಕೆ ಎಂತ ಉಳೀತು?"

"ಡಿಗ್ರಿ ಉಳೀತು" ಎಂದರು ಪ್ರೊಫೆಸರು. ಆಮೇಲೆ ನಕ್ಕರು. ಬಹಳ ಚೆನ್ನಾಗಿ ನಕ್ಕರು, ಹಲ್ಲೆಲ್ಲ ಕಂಡವು.

ಆ ನಗುವೇ ಕೆಲಸ ಕೆಡಿಸಿತು ಎಂದು ನನ್ನ ಲೆಕ್ಕ. ನಿತೀಶ್ ಹೆಗಲ ಮೇಲಿನ ಕೈಯನ್ನು ಎತ್ತಿ, ಬೀಳಿಸದೆ, ಅವರ ಪಕ್ಕಕ್ಕೇ ವಾಪಸ್ ಇಟ್ಟ.

"ನಾನು ಬರಿಯಲ್ಲ ಸರ್. ನೀವು ಓದಿದ್ರೆ, ಎಂತ ಆತು ಅಂತ ಆ ಸಭೆಯವರಿಗೆ ಪತ್ರ ಹಾಕ್ತೀನಿ."

"ಹಾಕಿ ಏನು ಮಾಡ್ತೀಯ? ಜೆರಾಕ್ಸ್ ಮಾಡ್ತೀಯಾ?"

ನಿತೀಶ್ ನನ್ನ ಕಡೆ ತಿರುಗಿ, "ವನಮಾಲಕ್ಕ, ಸಣ್ಣಕ್ಕನ ಮಾತ್ರೆ ನಿಲ್ಲಿಸಬೇಡಿ. ಕೊಪ್ಪದ ಡಾಕ್ಟ್ರಿಗೆ ಇಷ್ಟು ದಿನ ನುಂಗಿರ್ಲಿಲ್ಲ ಅಂತ ಮೊದಲು ಹೇಳಿ. ಇಲ್ಲದಿದ್ರೆ ಡೋಸು ಜಾಸ್ತಿ ಆಗತ್ತೆ" ಎಂದ. ಬಲೆ, ಬಾಟಲಿ, ಮೈಕ್ರೋಸ್ಕೋಪು ಯಾವುದನ್ನೂ ಮುಟ್ಟದೆ ಗಿರಣಿಯ ಪಕ್ಕದ ಓಣಿಯಿಂದ ಹೊರಗೆ ಹೋದ.

"ಊಟ ಮಾಡ್ಕಂಡು ಹೋಗೋ!" ಎಂದು ಕೂಗಿದೆ. ಅವನು ಕೈ ಎತ್ತಿದ, ತಿರುಗಲಿಲ್ಲ. ರಸ್ತೆಯಲ್ಲಿ ಕೊಪ್ಪದ ಕಡೆಯ ಬಸ್ಸು ಹಾರನ್ ಮಾಡಿ ನಿಂತು ಮತ್ತೆ ಹೊರಟಿದ್ದು ಕೇಳಿಸಿತು.

"ಬರ್ತಾನೆ" ಎಂದರು ಪ್ರೊಫೆಸರು, ಕುರ್ಚಿ ಎಳೆದುಕೊಂಡು. "ನನಗೆ ಇಂಥ ಹುಡುಗರು ಗೊತ್ತು. ಒಂದು ಗಂಟೆ ಸಿಟ್ಟು, ಅಷ್ಟೇ. ಸಾಮಾನೆಲ್ಲ ಇಲ್ಲೇ ಇದೆಯಲ್ಲ. ಕಾಫಿ ಇದೆಯಾ ಅಮ್ಮಾ?"

ಕಾಫಿ ಇತ್ತು. ಇಲ್ಲ ಅಂದೆ.

ಅವರು ಮಧ್ಯಾಹ್ನವೆಲ್ಲ ಕಾದರು. ಮೊಬೈಲು ಹಿಡಿದುಕೊಂಡು ಸಿಗ್ನಲ್ ಹುಡುಕುತ್ತಾ ಅಂಗಳದಲ್ಲಿ ಓಡಾಡಿದರು. ಸಾಯಂಕಾಲ ಜೀಪಿನವನು ಗೊಣಗಿದ ಮೇಲೆ ಮೈಕ್ರೋಸ್ಕೋಪನ್ನು ಹಿಂದಿನ ಸೀಟಿಗೆ ಹಾಕಿಸಿಕೊಂಡು ಹೊರಟರು. ಹೋಗುವಾಗ, ಅವನು ಬಂದರೆ ತಮಗೆ ಫೋನ್ ಮಾಡಲು ಹೇಳಿ ಎಂದರು.

ಅವನು ಬರಲಿಲ್ಲ.